ಮರ್ಕ್ಯುರೋಕ್ರೋಮ್ ಅಥವಾ ಪೋವಿಡೋನ್ ಅಯೋಡಿನ್: ಗಾಯಕ್ಕೆ ಯಾವುದು?

ಹಿಂದೆ ತರಚುಗಾಯಗಳಿಗೆ ಬಳಿಯುತ್ತಿದ್ದ ಕೆಂಪು ಮರ್ಕ್ಯುರೋಕ್ರೋಮ್, ಮೆರ್ಬ್ರೋಮಿನ್ ಎಂಬ ಸಂಯುಕ್ತದ ಸುಮಾರು 2% ದ್ರಾವಣ; ಆ ಸಂಯುಕ್ತದ ತೂಕದಲ್ಲಿ ಸುಮಾರು ಕಾಲು ಭಾಗ ಪಾದರಸವೇ. ಹಚ್ಚಿದರೆ ಉರಿಯದು ಎಂಬುದು ಅದರ ಜನಪ್ರಿಯತೆಗೆ ಕಾರಣವಾಗಿತ್ತು, ಆದರೆ ಉರಿಯದಿರುವುದು ಸುರಕ್ಷತೆಯ ಲಕ್ಷಣವಲ್ಲ. ಗಟ್ಟಿ ಚರ್ಮದ ಮೇಲಿನ ಪುಟ್ಟ ಗೀರಿಗೆ ಒಮ್ಮೆ ಹಚ್ಚಿದರೆ ಅಪಾಯ ಕಡಿಮೆ. ದೊಡ್ಡ ಸುಟ್ಟಗಾಯಕ್ಕೆ ಅಥವಾ ಶಿಶುಗಳಿಗೆ ಪದೇ ಪದೇ ಬಳಸಿದರೆ ಪಾದರಸ ರಕ್ತಕ್ಕೆ ಸೇರಬಲ್ಲದು. ಹೊಕ್ಕುಳಲ್ಲಿ ಕರುಳು ಪೊರೆಯೊಳಗೆ ಹೊರಚಾಚಿ ಹುಟ್ಟಿದ ಶಿಶುಗಳ ಆ ಪೊರೆಗೆ ಇದನ್ನು ಬಳಿದಾಗ ರಕ್ತದಲ್ಲಿ ಪಾದರಸದ ಮಟ್ಟ ಏರಿದ್ದು ದಾಖಲಾಗಿದೆ. ಪಾದರಸದ ಅಲರ್ಜಿಯಿಂದ ದದ್ದು ಏಳುವುದೂ ಉಂಟು. ಇನ್ನೊಂದು ತೊಡಕು ಬಣ್ಣದ್ದು: ಗಾಯದ ಅಂಚು ಸೋಂಕಿನಿಂದ ಕೆಂಪೇರಿದೆಯೋ ಔಷಧದಿಂದಲೋ ತಿಳಿಯುವುದಿಲ್ಲ. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇದನ್ನು ಸುರಕ್ಷಿತ ಹಾಗೂ ಪರಿಣಾಮಕಾರಿ ಔಷಧಗಳ ಪಟ್ಟಿಯಿಂದ ಹೊರಗಿಟ್ಟಿತು.

ಪೋವಿಡೋನ್ ಅಯೋಡಿನ್‌ನಲ್ಲಿ ಪಾದರಸವಿಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಅನೇಕ ವೈರಾಣುಗಳನ್ನು ಅದು ಕೊಲ್ಲುತ್ತದೆ. ಹೀಗಾಗಿ ನನ್ನ ಆಯ್ಕೆ ಇದೇ, ಆದರೆ ಷರತ್ತಿನೊಡನೆ: ಥೈರಾಯ್ಡ್ ತೊಂದರೆಯಿರುವವರು, ಗರ್ಭಿಣಿಯರು ಮತ್ತು ನವಜಾತ ಶಿಶುಗಳ ಪೋಷಕರು ವೈದ್ಯರನ್ನು ಕೇಳದೆ ಬಳಸಬಾರದು, ಏಕೆಂದರೆ ಅಯೋಡಿನ್ ಕೂಡ ಚರ್ಮದ ಮೂಲಕ ಒಳಹೋಗುತ್ತದೆ. ಸಣ್ಣ ಗಾಯಕ್ಕಾದರೆ ಮೊದಲು ಹರಿಯುವ ಶುದ್ಧ ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ. ಹಲವು ಬಾರಿ ಅಷ್ಟೇ ಸಾಕಾಗುತ್ತದೆ.