ಹಿರಿಯರ ಔಷಧ ಪರಿಶೀಲನೆ: ನಮ್ಮ ಬಡಾವಣೆಯ ಕ್ಲಿನಿಕ್ಕಿನ ಸೇವೆ ಹೇಗಿದೆ?

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಿರಿಯರಿಗೆಂದೇ ಇರುವ ಕ್ಲಿನಿಕ್ಕಿನಲ್ಲಿ ವೈದ್ಯರೂ ಫಾರ್ಮಸಿಸ್ಟರೂ ಒಟ್ಟಿಗೆ ಕುಳಿತು ಔಷಧಗಳನ್ನು ಪರಿಶೀಲಿಸುತ್ತಾರೆ. ಮನೆಯಲ್ಲಿರುವ ಮಾತ್ರೆ, ಸಿರಪ್, ಚೂರ್ಣ ಎಲ್ಲವನ್ನೂ ಚೀಟಿಗಳ ಸಮೇತ ಒಂದೇ ಚೀಲದಲ್ಲಿ ತರಬೇಕೆಂಬುದು ಅವರ ಮೊದಲ ನಿಯಮ.

ಫಾರ್ಮಸಿಸ್ಟರು ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಎತ್ತಿ ಹಿಡಿದು, "ಇದನ್ನ ಯಾತಕ್ಕೆ ತಗೊಳ್ತೀರಮ್ಮಾ?" ಎಂದು ಕೇಳುತ್ತಾ ಹೋದಾಗ, ನಾನು ಕರೆದೊಯ್ದಿದ್ದ ನನ್ನ ಅಮ್ಮ ಮಂಡಿನೋವಿಗೆಂದು ಚೀಟಿಯಿಲ್ಲದೆ ತರಿಸಿಕೊಳ್ಳುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬೆಳಕಿಗೆ ಬಂತು. ರಕ್ತದೊತ್ತಡಕ್ಕೆ ರಾಮಿಪ್ರಿಲ್ ಮತ್ತು ಮೂತ್ರವರ್ಧಕ ಸೇವಿಸುವವರು ಇದನ್ನೂ ಸೇರಿಸಿಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದೆಂದು ವೈದ್ಯರು ವಿವರಿಸಿ, ಅದನ್ನು ನಿಲ್ಲಿಸಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಬರೆದುಕೊಟ್ಟರು. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ವಯಸ್ಸಾದವರಲ್ಲಿ ಮಂಪರು, ಗೊಂದಲ, ಮಲಬದ್ಧತೆ ತರಬಲ್ಲದೆಂಬುದೂ ಅಲ್ಲಿಯೇ ತಿಳಿಯಿತು. ಅವರು ಆಧಾರವಾಗಿಟ್ಟುಕೊಂಡಿರುವುದು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ನೇತೃತ್ವದಲ್ಲಿ 1991ರಲ್ಲಿ ಮೊದಲು ಪ್ರಕಟವಾಗಿ, 2023ರಲ್ಲಿ ಮತ್ತೆ ಪರಿಷ್ಕೃತವಾದ, ಹಿರಿಯರಿಗೆ ಸೂಕ್ತವಲ್ಲದಿರಬಹುದಾದ ಔಷಧಗಳನ್ನು ಗುರುತಿಸುವ ಮಾನದಂಡಗಳನ್ನು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅವರ ತಾಳ್ಮೆ. ಅಮ್ಮ ನಿದ್ದೆಗೆಂದು ಬಹುಕಾಲ ನುಂಗುತ್ತಿದ್ದ ಆಲ್ಪ್ರಜೋಲಮ್ ಮಾತ್ರೆ, ಹಿರಿಯರು ಎಡವಿ ಬೀಳುವ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದಾದ್ದರಿಂದ, ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ವೇಳಾಪಟ್ಟಿಯನ್ನು ಬರೆದುಕೊಟ್ಟು, ನಡುವೆ ದೂರವಾಣಿಯಲ್ಲಿ ವಿಚಾರಿಸಿಕೊಂಡರು.

ಕೊರತೆಗಳೂ ಇವೆ. ಕಾಯುವ ಹೊತ್ತು ವಿಪರೀತ, ಕುರ್ಚಿಗಳಿಗೆ ಕೈಯಾಸರೆಯಿಲ್ಲ. ಕೊನೆಗೆ ಕೊಡುವ ಪರಿಷ್ಕೃತ ಪಟ್ಟಿ ಸಣ್ಣಕ್ಷರದ ಇಂಗ್ಲಿಷಿನಲ್ಲಿದೆ. ಮಾತ್ರೆ ನುಂಗುವವರೇ ಓದಲಾಗದ ಪಟ್ಟಿಯಿಂದ ಮತ್ತೆ ತಪ್ಪುಗಳಾಗುವ ಸಂಭವವಿರುವುದರಿಂದ, ಅದನ್ನು ದಪ್ಪಕ್ಷರದ ಕನ್ನಡದಲ್ಲಿ ಕೊಡಬೇಕೆಂದು ಲಿಖಿತವಾಗಿ ಕೋರಿದ್ದೇನೆ.