ಕಾಲರ್ ಮೈಕ್, ಬೂಮ್ ಕೋಲು, ಜೇಬಿನ ಮೊಬೈಲ್: ಬೆಟಗೇರಿಯ ಮಗ್ಗದ ಮನೆಯಲ್ಲಿ ಯಾವುದು ಕೆಲಸಕ್ಕೆ ಬಂತು

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಬೂಮ್ ಕೋಲಿಗೆ. ಕೋಲಿನ ತುದಿಯಲ್ಲಿ ಶಾಟ್‌ಗನ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದ ಕೊಳವೆಯ ಮೈಕ್), ಅದರ ತಂತಿ ಬಂದು ಸೇರುವ ಒಂದು ಸಣ್ಣ ರೆಕಾರ್ಡರ್, ಕಿವಿಗೆ ಹೆಡ್‌ಫೋನ್. ಇವಕ್ಕೆ ಕೊಟ್ಟ ಹಣ ಒಂದು ರೂಪಾಯಿಯೂ ದಂಡವಾಗಿಲ್ಲ. ಅದಕ್ಕಿಂತ ಮುಂಚೆ ಕೊಂಡ ವೈರ್‌ಲೆಸ್ ಕಾಲರ್ ಮೈಕ್ ಬಗ್ಗೆ ಈ ಮಾತು ಹೇಳಲಾರೆ.

ಧಾರವಾಡದಲ್ಲಿ ಸಿನಿಮಾ ಓದುತ್ತಿರುವ ನಾವು ಕೆಲವರು ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯ ನೇಕಾರರ ಮನೆಯೊಂದರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಧ್ವನಿ ನನ್ನ ಪಾಲಿನ ಕೆಲಸ. ತರಗತಿಯಲ್ಲಿ ಎಲ್ಲರೂ ಕ್ಯಾಮೆರಾಕ್ಕೆ ಮುಗಿಬೀಳುತ್ತಾರೆ, ಲೆನ್ಸ್ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಮೈಕ್ ಯಾವುದು ಎಂದು ಕೇಳುವವರು ಕಡಿಮೆ. ಆದರೆ ನಾವು ಚಿತ್ರ ತೋರಿಸಬೇಕಾದದ್ದು 1950ರಿಂದ ಆಕಾಶವಾಣಿ ಇರುವ ಧಾರವಾಡದಲ್ಲಿ, ಬೆಳಗಿನ ಜಾವದವರೆಗೆ ಕೂತು ಸಂಗೀತ ಕೇಳಿ ಎದ್ದುಹೋಗುವ ಜನರ ಮುಂದೆ. ಈ ಊರಿನವರ ಕಿವಿಗೆ ಮೋಸ ಮಾಡಲು ಆಗುವುದಿಲ್ಲ. ಚಿತ್ರದಲ್ಲಿ ಬೆಳಕು ಸ್ವಲ್ಪ ಕಡಿಮೆಯಾದರೆ ಸುಮ್ಮನಿರುತ್ತಾರೆ, ಮಾತು ಒಡೆದರೆ ಸುಮ್ಮನಿರುವುದಿಲ್ಲ.

ವೈರ್‌ಲೆಸ್ ಕಾಲರ್ ಮೈಕ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಹೊಸಬರು ಮೊದಲು ಕೊಳ್ಳುವುದು ಅದನ್ನೇ. ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಹೆಬ್ಬೆರಳಿನಷ್ಟು ದೊಡ್ಡದು, ಸೆರಗಿಗೆ ಚುಚ್ಚಿದರೆ ಮುಗಿಯಿತು, ರಿಸೀವರನ್ನು ಮೊಬೈಲಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿದರೆ ಸಾಕು. ಹಾಸ್ಟೆಲ್ ಕೋಣೆಯಲ್ಲಿ ಪರೀಕ್ಷೆ ಮಾಡಿದಾಗ ಅದರ ಧ್ವನಿ ಕೇಳಿ ಎಲ್ಲರೂ ಬೆರಗಾದೆವು. ಮೇಲೆ ಫ್ಯಾನ್ ಭರ್ರೆಂದು ತಿರುಗುತ್ತಿದ್ದರೂ ರೆಕಾರ್ಡಿಂಗ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಆಮೇಲೆ ಬಂದ ತೊಂದರೆಯ ಮೂಲವೂ ಅಲ್ಲೇ ಇತ್ತು.

ಫ್ಯಾನಿನ ಸದ್ದನ್ನು ನುಂಗಿದ್ದು ಅದರೊಳಗಿನ ಗದ್ದಲ ತಗ್ಗಿಸುವ ವ್ಯವಸ್ಥೆ. ಒಂದೇ ಸಮನೆ ಬರುವ ಸದ್ದನ್ನು, ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನು ಅದು ಬೇಡದ್ದೆಂದು ತೀರ್ಮಾನಿಸಿ ಅಳಿಸುತ್ತದೆ. ಫ್ಯಾನ್ ಇರುವ ಕೋಣೆಯಲ್ಲಿ ಇದು ವರ. ಮಗ್ಗದ ಮನೆಯಲ್ಲಿ ಹಾಗಲ್ಲ. ಕುಣಿಮಗ್ಗದಲ್ಲಿ ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿ ಟಕ್ಕೆಂದು ನಿಲ್ಲುತ್ತದೆ, ಹಿಂದೆಯೇ ಹೊಕ್ಕಿನ ನೂಲನ್ನು ಬಡಿದು ಕೂಡಿಸುವ ಸದ್ದು ಬರುತ್ತದೆ. ಪ್ರತಿ ಬಡಿತಕ್ಕೂ ಮೈಕ್ ಗಾಬರಿಗೊಂಡು ಬಾಗಿಲು ತೆರೆಯುತ್ತಿತ್ತು, ಮರುಕ್ಷಣ ಮುಚ್ಚುತ್ತಿತ್ತು. ನಡುವೆ ಸಿಕ್ಕ ಆ ಮನೆಯ ಅಜ್ಜಿಯ ಮಾತು ಒಮ್ಮೆ ಸ್ಪಷ್ಟ, ಒಮ್ಮೆ ನೀರಿನೊಳಗಿಂದ ಬಂದಂತೆ. ಮಗ್ಗದ ಸದ್ದಂತೂ ಮಗ್ಗದ ಸದ್ದಾಗಿ ಉಳಿದಿರಲೇ ಇಲ್ಲ.

ಅದಕ್ಕಿಂತ ದೊಡ್ಡ ನಷ್ಟ ಆದದ್ದು ಮಗ್ಗ ನಿಂತಾಗ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಲ್ಲ ಎನ್ನುವುದು ಅದಕ್ಕೂ ಕೊನೆಗೆ. ವಯಸ್ಸಾದವರು ಮಾತನಾಡುವಾಗ ವಾಕ್ಯ ಮುಗಿಯುವ ಹೊತ್ತಿಗೆ ಉಸಿರು ಇಳಿದಿರುತ್ತದೆ, ಧ್ವನಿ ತಗ್ಗಿರುತ್ತದೆ. ಆ ತಗ್ಗಿದ ಧ್ವನಿಯನ್ನು ಮೈಕ್ ಗದ್ದಲವೆಂದು ತಿಳಿದು ಕತ್ತರಿಸಿ ಹಾಕಿತ್ತು. ಮೊಮ್ಮಕ್ಕಳು ಯಾರೂ ಮಗ್ಗಕ್ಕೆ ಕೂಡುವುದಿಲ್ಲ ಎಂದು ಅಜ್ಜಿ ಹೇಳಿದ್ದರು. ನಮ್ಮ ಫೈಲಿನಲ್ಲಿ ಇದ್ದದ್ದು ‘ಮೊಮ್ಮಕ್ಕಳು ಯಾರೂ ಮಗ್ಗಕ್ಕೆ ಕೂಡುವು’ ಎಂಬಲ್ಲಿಗೆ. ಆಮೇಲೆ ಮೌನ. ಇಡೀ ಚಿತ್ರ ನಿಂತಿದ್ದ ಮಾತು ಅದು. ಎಡಿಟಿಂಗ್‌ನಲ್ಲಿ ಎಷ್ಟು ಏರಿಸಿದರೂ ಬರಲಿಲ್ಲ, ಬರುವುದೂ ಇಲ್ಲ. ರೆಕಾರ್ಡ್ ಆಗುವ ಮೊದಲೇ ಅಳಿಸಿದ್ದನ್ನು ಯಾವ ಸಾಫ್ಟ್‌ವೇರ್ ಕೂಡ ತಿರುಗಿ ಕೊಡಲಾರದು.

ಆ ವ್ಯವಸ್ಥೆಯನ್ನು ಆಫ್ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದು, ಮಾಡಿಯೂ ಇದ್ದೆವು. ಮೈಕಿನ ಬದಿಯ ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪದ ಬಣ್ಣ ಬದಲಾಗಿ ಅದು ಆಫ್ ಆಗುತ್ತದೆ. ಆದರೆ ನಾವು ಕೊಂಡ ಮೈಕ್ ಒಮ್ಮೆ ಬಂದ್ ಆಗಿ ಮತ್ತೆ ಶುರುವಾದರೆ ಹಳೆಯ ಆಯ್ಕೆಯನ್ನು ನೆನಪಿಡುವುದಿಲ್ಲ, ಗದ್ದಲ ತಗ್ಗಿಸುತ್ತಲೇ ಎಚ್ಚರಗೊಳ್ಳುತ್ತದೆ. ಚಹಾ ಕುಡಿಯಲು ಎದ್ದು ಬಂದಾಗ ಬ್ಯಾಟರಿ ಉಳಿಸಲೆಂದು ಬಂದ್ ಮಾಡಿ, ಬಂದು ಮತ್ತೆ ಹಾಕಿದರೆ ಕತೆ ಮೊದಲಿನಿಂದ. ದೀಪ ಇರುವುದು ಅಕ್ಕಿಕಾಳಿನಷ್ಟು, ಅದೂ ಸೆರಗಿನ ಮಡಿಕೆಯೊಳಗೆ. ಇದನ್ನು ಪೆಟ್ಟಿಗೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ, ಒಳಗಿನ ಚೀಟಿಯಲ್ಲೂ ಇರಲಿಲ್ಲ. ಮಾರಿದ ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಹೀಗೇ ಎಂದರು.

ಹೆಡ್‌ಫೋನ್ ಇದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅದಕ್ಕೂ ದಾರಿಯಿಲ್ಲ. ಮೊಬೈಲಿಗೆ ಇರುವುದು ಒಂದೇ ಕಿಂಡಿ, ಅಲ್ಲಿ ರಿಸೀವರ್ ಕೂತಿದೆ. ರಿಸೀವರಿಗೆ ಹೆಡ್‌ಫೋನ್ ಜಾಗವಿಲ್ಲ. ಹಾಗಾಗಿ ರೆಕಾರ್ಡ್ ಮಾಡುವವರು ಪರದೆಯ ಮೇಲೆ ಕುಣಿಯುವ ಹಸಿರು ಪಟ್ಟಿಯನ್ನು ನಂಬಿ ಕೂಡಬೇಕು. ಆ ಪಟ್ಟಿ ಸದ್ದು ಬರುತ್ತಿದೆ ಎಂದಷ್ಟೇ ಹೇಳುತ್ತದೆ, ಯಾವ ಸದ್ದು ಎಂದು ಹೇಳುವುದಿಲ್ಲ. ದುಬಾರಿ ಮಾದರಿಗಳಲ್ಲಿ ರಿಸೀವರಿಗೇ ಹೆಡ್‌ಫೋನ್ ಕಿಂಡಿ ಇರುತ್ತದೆ, ಕೆಲವಕ್ಕೆ ಮೈಕಿನೊಳಗೇ ಪ್ರತ್ಯೇಕವಾಗಿ ರೆಕಾರ್ಡ್ ಆಗುವ ಸೌಲಭ್ಯವೂ ಇದೆ. ವೈರ್‌ಲೆಸ್ಸೇ ಬೇಕೆನ್ನುವವರು ಅವೆರಡೂ ಇರುವುದನ್ನು ನೋಡಿ ಕೊಳ್ಳಿ, ಇಲ್ಲದಿದ್ದರೆ ಬೇಡ.

ಸಿಗ್ನಲ್ ಬಗ್ಗೆ ಒಂದು ಮಾತು. ಈ ಮೈಕ್‌ಗಳು ಹೆಚ್ಚಾಗಿ ಕೆಲಸ ಮಾಡುವುದು ವೈಫೈ, ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್‌ನಲ್ಲಿ. ಮನುಷ್ಯನ ಮೈಯಲ್ಲಿರುವ ನೀರು ಆ ಅಲೆಯನ್ನು ಹೀರುತ್ತದೆ. ಮಾತನಾಡುವವರು ಬೆನ್ನು ತಿರುಗಿಸಿದರೆ ಧ್ವನಿ ತುಂಡಾಗುವುದು ಅದಕ್ಕೇ. ಹುಬ್ಬಳ್ಳಿಯ ದುರ್ಗದಬೈಲಿನ ಸಂತೆಯ ಹೊತ್ತಿನಲ್ಲಿ ಪ್ರಯತ್ನಿಸಿದಾಗ ಹತ್ತು ಹೆಜ್ಜೆ ದೂರಕ್ಕೇ ಚೂರುಚೂರಾಯಿತು.

ಇನ್ನು ಬೂಮ್. ಸಿನಿಮಾದವರ ಕಾರ್ಬನ್ ಫೈಬರ್ ಕೋಲು ನಮ್ಮ ಕೈಗೆಟುಕುವ ಮಾತಲ್ಲ. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಗೆ ಬಣ್ಣ ಬಳಿಯುವವರು ರೋಲರ್ ಸಿಕ್ಕಿಸುವ, ಎಳೆದರೆ ಉದ್ದವಾಗುವ ಕೋಲು ತಂದೆವು. ತುದಿಗೆ ಮೈಕ್ ಹಿಡಿಯುವ ಚೌಕಟ್ಟು, ಅದರಲ್ಲಿ ರಬ್ಬರ್ ಬ್ಯಾಂಡಿನಲ್ಲಿ ತೂಗುವ ಮೈಕ್. ರಬ್ಬರ್ ಇಲ್ಲದಿದ್ದರೆ ಕೋಲಿನ ಮೇಲೆ ಬೆರಳು ಜಾರಿದ ಸದ್ದೂ ಗುಡುಗಿನಂತೆ ಬರುತ್ತದೆ. ಕೋಲನ್ನು ತಲೆಯ ಮೇಲೆತ್ತಿ, ಕ್ಯಾಮೆರಾಕ್ಕೆ ಕಾಣುವ ದೃಶ್ಯದ ಅಂಚಿನ ಆಚೆಯಿಂದ ಮೈಕ್ ಮಾತನಾಡುವವರ ಎದೆಯ ಕಡೆ ನೋಡುವಂತೆ ಹಿಡಿಯಬೇಕು. ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು: ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ತೋಳು ಸೋಲುತ್ತದೆ, ನಿಜ. ಕೋಲನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿದು ಮೊಣಕೈ ನೆಟ್ಟಗಿಟ್ಟರೆ ಸೋಲುವುದು ತಡವಾಗುತ್ತದೆ.

ಹೆಡ್‌ಫೋನ್ ಹಾಕಿಕೊಂಡು ಆ ಮನೆಯಲ್ಲಿ ನಿಂತಾಗ ನನಗೆ ಬೇರೆಯೇ ಮನೆ ಕೇಳಿಸಿತು. ಗೋಡೆಯಾಚೆ ಪಕ್ಕದ ಮನೆಯ ಪವರ್‌ಲೂಮ್ ಗುಯ್‌ಗುಡುವುದು, ಅಡುಗೆಮನೆಯ ಫ್ರಿಜ್ಜಿನ ಹಮ್ಮು, ಓಣಿಯಲ್ಲಿ ತರಕಾರಿ ಗಾಡಿಯವನ ಕೂಗು. ಫ್ರಿಜ್ಜನ್ನು ಕೇಳಿಕೊಂಡು ಬಂದ್ ಮಾಡಿಸಿದೆವು. ಮತ್ತೆ ಹಚ್ಚಲು ಮರೆಯಬಾರದೆಂದು ನನ್ನ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಟ್ಟಿದ್ದೆ. ಚಿತ್ರೀಕರಣದವರ ಹಳೆಯ ಉಪಾಯ ಅದು, ಹಾಲು ಕೆಡುವುದಿಲ್ಲ. ಪವರ್‌ಲೂಮ್ ಮನೆಯವರು ಊಟಕ್ಕೆ ನಿಲ್ಲಿಸುವ ಹೊತ್ತು ಯಾವುದೆಂದು ವಿಚಾರಿಸಿ ಮುಖ್ಯ ಮಾತುಗಳನ್ನು ಆಗ ಇಟ್ಟುಕೊಂಡೆವು. ಕಾಲರ್ ಮೈಕ್ ಇದ್ದಾಗ ಈ ಯಾವುದೂ ನನ್ನ ಗಮನಕ್ಕೆ ಬರುವ ದಾರಿಯೇ ಇರಲಿಲ್ಲ. ಮಗ್ಗದ ಸದ್ದನ್ನು ಬೇರೆಯಾಗಿ, ಲಾಳಿಯ ಹತ್ತಿರ ಮೈಕ್ ಒಯ್ದು ಹಿಡಿದೆ. ಖಾಲಿ ಕೋಣೆಯ ಮೌನವನ್ನೂ ಒಂದು ನಿಮಿಷ ಹಿಡಿದೆ. ಎರಡು ಮಾತುಗಳ ನಡುವೆ ಕತ್ತರಿ ಬಿದ್ದಲ್ಲಿ ಹೊದಿಸಲು ಅದು ಬೇಕೇ ಬೇಕು.

ಅಜ್ಜಿಗೂ ಬೂಮ್ ಹಿತವಾಯಿತು. ಸೆರಗಿಗೆ ಏನನ್ನೋ ಚುಚ್ಚಿದ್ದಾಗ ಅವರು ಮತ್ತೆ ಮತ್ತೆ ಅದನ್ನು ಮುಟ್ಟಿ ನೋಡುತ್ತಿದ್ದರು, ಪ್ರತಿ ಮುಟ್ಟಿಗೂ ಬಟ್ಟೆಯ ಸರಬರ. ಕೋಲು ಬಂದ ಮೇಲೆ ಸ್ವಲ್ಪ ಹೊತ್ತು ಮೇಲೆ ನೋಡಿದರು. ‘ತಂಗೀ, ಕೈ ನೋಯುವುದಿಲ್ಲವೇ? ಕೂತುಕೋ’ ಎಂದರು. ಆಮೇಲೆ ನೂಲಿಗೆ ಕಣ್ಣು ಹಚ್ಚಿದರು, ಕೋಲನ್ನು ಮರೆತರು.

ಬೂಮ್‌ಗೂ ಕೊರತೆಗಳಿವೆ. ಶಾಟ್‌ಗನ್ ಮೈಕ್ ಚಿಕ್ಕ ಸಿಮೆಂಟ್ ಕೋಣೆಯಲ್ಲಿ ಸೋಲುತ್ತದೆ, ಗೋಡೆಗೆ ಬಡಿದು ಬರುವ ಧ್ವನಿ ಅದರ ಕೊಳವೆಯ ಲೆಕ್ಕವನ್ನು ತಪ್ಪಿಸುತ್ತದೆ. ಮಗ್ಗದ ಕೋಣೆ ಮಣ್ಣಿನ ಗೋಡೆಯದು, ನೂಲು ಬಟ್ಟೆ ತುಂಬಿದ್ದು, ಅಲ್ಲಿ ತೊಂದರೆಯಾಗಲಿಲ್ಲ. ಹೊಸದಾಗಿ ಕಟ್ಟಿದ ಮುಂದಿನ ಕೋಣೆಯಲ್ಲಿ ಮಾತ್ರ ಕೌದಿಗಳನ್ನು ಕ್ಯಾಮೆರಾದ ಹಿಂದೆ ತೂಗುಹಾಕಬೇಕಾಯಿತು. ಎರಡನೆಯದು ಗಾಳಿ. ಕಪ್ಪತಗುಡ್ಡದ ಸುತ್ತ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿಲ್ಲ. ಗದಗಿನ ಬಯಲಿನಲ್ಲಿ ಮೈಕಿಗೆ ಸ್ಪಂಜಿನ ಟೋಪಿ ಸಾಲದು, ಉದ್ದ ಕೂದಲಿನ ತುಪ್ಪಳದ ಮುಸುಕೇ ಬೇಕು.

ಮೂರನೆಯದು ಧ್ವನಿ ಬೇರೆ, ಚಿತ್ರ ಬೇರೆ ಆಗುವುದು. ಪ್ರತಿ ಶಾಟಿನ ಆರಂಭದಲ್ಲಿ ಕ್ಲಾಪ್ ಬೋರ್ಡ್, ಇಲ್ಲವೇ ಒಂದು ಚಪ್ಪಾಳೆ. ಅದನ್ನು ಹಿಡಿದು ಎಡಿಟಿಂಗ್‌ನಲ್ಲಿ ಎರಡನ್ನೂ ಕೂಡಿಸಬೇಕು. ಕಾಲೇಜಿನ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್ ಎಂದರೆ 25, ಎಲ್ಲವೂ ಸುಸೂತ್ರ. ಮೊಬೈಲಿನಲ್ಲಿ ತೆಗೆದ ಉದ್ದನೆಯ ಶಾಟ್‌ಗಳು ಮಾತ್ರ ಶುರುವಿನಲ್ಲಿ ಕೂಡಿ, ಹೋಗುತ್ತ ಹೋಗುತ್ತ ತುಟಿಯೊಂದು ಕಡೆ ಮಾತೊಂದು ಕಡೆ ಆಗುತ್ತವೆ. ಮೊಬೈಲ್ ಬೆಳಕನ್ನು ನೋಡಿಕೊಂಡು ಫ್ರೇಮುಗಳ ವೇಗವನ್ನು ತಾನೇ ಬದಲಿಸುತ್ತಿರುತ್ತದೆ. ವೇಗ ಕಟ್ಟಿಹಾಕುವ ಕ್ಯಾಮೆರಾ ಆ್ಯಪ್ ಬಳಸಿ, ಇಲ್ಲವೇ ಎಡಿಟಿಂಗ್‌ಗೆ ಮುನ್ನ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ವೇಗಕ್ಕೆ ಬದಲಿಸಿಕೊಳ್ಳಿ.

ಕ್ಯಾಮೆರಾದ ನೆತ್ತಿಯ ಮೇಲೆ ಕೂಡಿಸುವ ಮೈಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕ್ಯಾಮೆರಾ ಎಷ್ಟು ದೂರವೋ ಮೈಕೂ ಅಷ್ಟೇ ದೂರ.

ನನ್ನ ಎರಡನೆಯ ಆಯ್ಕೆ ತಂತಿಯ ಕಾಲರ್ ಮೈಕ್. ಕೆಲವು ನೂರು ರೂಪಾಯಿ. ಅದನ್ನು ಹಳೆಯ ಮೊಬೈಲಿಗೆ ಸಿಕ್ಕಿಸಿ, ಏರ್‌ಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡಿಂಗ್ ಹಚ್ಚಿ ಮಾತನಾಡುವವರ ಜೇಬಿಗಿಟ್ಟರೆ ಸಿಗ್ನಲ್ಲಿನ ಗೋಳಿಲ್ಲ, ವಾಕ್ಯದ ಕೊನೆ ನುಂಗುವ ಯಂತ್ರವೂ ಇಲ್ಲ. ಕೇಳಿಸಿಕೊಳ್ಳಲು ಇಲ್ಲೂ ಆಗುವುದಿಲ್ಲ. ಆದರೆ ಒಬ್ಬರೇ ಹೋಗಿ ಚಿತ್ರವನ್ನೂ ಧ್ವನಿಯನ್ನೂ ಹಿಡಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಆ ಬೆಲೆಗೆ ಸಿಗದು. ನಡೆದಾಡುತ್ತ ಮಾತನಾಡುವ ದೃಶ್ಯಗಳಿಗೆ ನಾನೂ ಇದನ್ನೇ ಬಳಸುತ್ತೇನೆ.

ಬೂಮ್, ಮೈಕ್, ಯಾರೋ ಬಳಸಿ ಮಾರಿದ ರೆಕಾರ್ಡರ್ ಸೇರಿ ನಮಗೆ ಆ ವೈರ್‌ಲೆಸ್ ಮೈಕಿನ ಏಳೆಂಟು ಪಟ್ಟು ಖರ್ಚಾಯಿತು. ತಂಡದವರೆಲ್ಲ ಹಂಚಿಕೊಂಡದ್ದರಿಂದ ಸಾಧ್ಯವಾಯಿತು. ನಾವು ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೋಗುವವರು, ಮಡಚಿದ ಕೋಲು ಮೇಲಿನ ಹಲಗೆಯಲ್ಲಿ ಕೂಡುತ್ತದೆ, ಹಿಡಿಯಲು ಯಾವಾಗಲೂ ಒಬ್ಬರು ಜೊತೆಗಿರುತ್ತಾರೆ. ನಿಮ್ಮ ತಂಡದಲ್ಲಿ ಇಬ್ಬರಾದರೂ ಇದ್ದರೆ, ಮನೆಯೊಳಗೆ ಕೂತು ಹಿರಿಯರ ಮಾತು ಹಿಡಿಯುವುದೇ ಕೆಲಸವಾದರೆ ಬೂಮ್ ಕೊಳ್ಳಿ. ಹಣ ಸಾಲದಿದ್ದರೆ ಮೊದಲು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಮತ್ತು ರೆಕಾರ್ಡರ್ ಕೊಂಡು, ಮೈಕನ್ನು ಬೇಕಾದ ದಿನಕ್ಕೆ ಬಾಡಿಗೆಗೆ ತನ್ನಿ. ಅಜ್ಜಿಯ ಆ ಮಾತನ್ನು ನಾವು ಮತ್ತೆ ಕೇಳಿ ಹಿಡಿದೆವು. ಈ ಸಲ ಅವರು ಇನ್ನೂ ಮೆಲ್ಲಗೆ ಹೇಳಿದರು, ಕೊನೆಯ ‘ಇಲ್ಲ’ದವರೆಗೂ ಫೈಲಿನಲ್ಲಿದೆ.