ಬಿರುಕು ಬಿಟ್ಟ ಬೆಂಡ್ ಪೈಪಿಗೆ ಆರ್ಗಾನ್ ವೆಲ್ಡಿಂಗ್: ಕೊಡಗಿನ ಮಳೆ, ಘಾಟಿ ಕಂಡ ಮೇಲಿನ ಅಭಿಪ್ರಾಯ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಟೂರಿಂಗ್ ಬೈಕಿನ ಬೆಂಡ್ ಪೈಪೋ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಪೈಪ್) ಸೈಲೆನ್ಸರ್ ಬ್ರಾಕೆಟ್ಟೋ ಸೀಳಿದರೆ ಆರ್ಗಾನ್ ವೆಲ್ಡಿಂಗ್ (ಗಾಳಿ ತಾಗದಂತೆ ಆರ್ಗಾನ್ ಅನಿಲದ ಹೊದಿಕೆಯಲ್ಲಿ ಮಾಡುವ ವೆಲ್ಡಿಂಗ್) ಹೊಡೆಸುವುದು ದುಡ್ಡಿಗೆ ತಕ್ಕ ಕೆಲಸ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದು ಅಂಕ ಹಿಡಿದಿಟ್ಟದ್ದಕ್ಕೆ ಕಾರಣವಿದೆ: ಪೈಪ್ ಯಾಕೆ ಸೀಳಿತು ಎಂದು ಹುಡುಕದೆ ಬರೀ ಬಿರುಕು ಮುಚ್ಚಿದರೆ, ವೆಲ್ಡಿಂಗ್ ಎಷ್ಟೇ ನೀಟಾಗಿದ್ದರೂ ಅದರ ಅಂಚಿನಲ್ಲೇ ಇನ್ನೊಂದು ಗೆರೆ ಏಳುತ್ತದೆ. ಅಂಗಡಿಯವರು ಅದನ್ನು ಹುಡುಕಿಕೊಡುವುದಿಲ್ಲ, ಬೈಕಿನವರೇ ನೋಡಿಕೊಳ್ಳಬೇಕು. ಇಲ್ಲಿ ಬರೆದಿರುವುದೆಲ್ಲ ಪ್ಯಾನಿಯರ್ ಪೆಟ್ಟಿಗೆ (ಹಿಂದೆ ಎರಡೂ ಪಕ್ಕ ತೂಗುವ ಸಾಮಾನಿನ ಪೆಟ್ಟಿಗೆ) ಹೊತ್ತ ಸಿಂಗಲ್ ಸಿಲಿಂಡರ್ ಬೈಕುಗಳಿಗೆ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಸುತ್ತಿನ ಬಳಕೆಗೆ ಸಂಬಂಧಿಸಿದ್ದು.

ಎಲ್ಲಿ ಸೀಳುತ್ತದೆ, ಯಾಕೆ

ಬಿರುಕು ಎಲ್ಲೆಂದರಲ್ಲಿ ಬರುವುದಿಲ್ಲ. ಎಂಜಿನ್ನಿನ ಹೆಡ್ಡಿಗೆ ಕೂರುವ ಫ್ಲೇಂಜಿನ (ಪೈಪಿನ ತುದಿಯ ದಪ್ಪ ಬಿಲ್ಲೆಯ) ಕೊರಳು, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನು ತಿರುಗಿಸಿ ಕೂರಿಸುವ ದಪ್ಪ ನಟ್ಟಿನ ಸುತ್ತ, ಸೈಲೆನ್ಸರ್ ತೂಗುಹಾಕುವ ಬ್ರಾಕೆಟ್ಟಿನ ಮೂಲೆ: ಹೆಚ್ಚಿನವು ಈ ಮೂರರಲ್ಲೇ. ಮೂರೂ ಕಡೆ ದಪ್ಪ ಲೋಹ ಮುಗಿದು 1.2 ಅಥವಾ 1.5 ಮಿ.ಮೀ. ದಪ್ಪದ ತೆಳು ಪೈಪ್ ಶುರುವಾಗುತ್ತದೆ. ಅಲುಗಾಟದ ಬಲವೆಲ್ಲ ಬಂದು ನಿಲ್ಲುವುದು ಆ ಗಡಿಯಲ್ಲಿ. ಹಳೇ ವೆಲ್ಡಿಂಗಿನ ಬಿಸಿಗೆ ಲೋಹದ ಗುಣ ಬದಲಾಗಿರುವುದೂ ಅಲ್ಲೇ.

ಎಂಜಿನ್ ಒಂದು ಲಯದಲ್ಲಿ ಅದುರುತ್ತದೆ, ಹಿಂದಿನ ಚಾಸಿ ಇನ್ನೊಂದು ಲಯದಲ್ಲಿ. ಎರಡರ ನಡುವೆ ಪೈಪಿಗೆ ಉಸಿರಾಡಲು ಜಾಗ ಕೊಡುವುದು ಹ್ಯಾಂಗರಿನ, ಅಂದರೆ ಸೈಲೆನ್ಸರ್ ತೂಗುವ ಬ್ರಾಕೆಟ್ಟಿನ, ರಬ್ಬರ್ ಬುಷ್. ಅದಕ್ಕೆ ಇನ್ನೊಂದು ಕೆಲಸವೂ ಇದೆ. 304 ದರ್ಜೆಯ ಸ್ಟೇನ್‌ಲೆಸ್ ಪೈಪ್ 60 ಸೆಂ.ಮೀ. ಉದ್ದವಿದ್ದು 400 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಬುಷ್ ಗಟ್ಟಿಯಾಗಿ ಕಲ್ಲಾಗಿದ್ದರೆ, ಅಥವಾ ಯಾರೋ ಬುಷ್ ತೆಗೆದು ವಾಷರ್ ಹಾಕಿ ಬಿಗಿದಿದ್ದರೆ, ಆ 4 ಮಿ.ಮೀ. ಹೋಗುವುದಕ್ಕೆ ದಾರಿಯಿಲ್ಲ. ಫ್ಲೇಂಜಿನ ಕೊರಳು ಅದನ್ನು ತಿನ್ನುತ್ತದೆ.

ನಮ್ಮ ಕಡೆ ಇದಕ್ಕೆ ಮಳೆಯೂ ಸೇರುತ್ತದೆ. ಘಾಟಿ ಹತ್ತಿ ಚೆನ್ನಾಗಿ ಕಾದ ಪೈಪನ್ನು ರಸ್ತೆ ಮೇಲೆ ಹರಿಯುವ ನೀರಿಗೆ ಇಳಿಸಿದರೆ ಅಡಿಭಾಗ ಮಾತ್ರ ತಟ್ಟನೆ ಕುಗ್ಗುತ್ತದೆ, ಮೇಲ್ಭಾಗ ಇನ್ನೂ ಹಿಗ್ಗಿಯೇ ಇರುತ್ತದೆ. ತೋಟದ ದಾರಿಯ ಕೆಸರು ತೊಳೆಯಲು ಬಂದ ಕೂಡಲೇ ಪ್ರೆಶರ್ ನೀರು ಹಾಯಿಸುವುದೂ ಇದೇ ಹಾನಿ ಮಾಡುತ್ತದೆ. ಅರ್ಧ ಗಂಟೆ ಕಾಯಿರಿ. ಹಾಗೆಯೇ ಬ್ರಾಕೆಟ್ ಮತ್ತು ಚಾಸಿಯ ನಡುವೆ ಕೆಂಪು ಮಣ್ಣು ಒಣಗಿ ಗಟ್ಟಿಯಾದರೆ ರಬ್ಬರ್ ಇದ್ದೂ ಇಲ್ಲದಂತೆ. ಬೈಕ್ ತೊಳೆಯುವಾಗ ಆ ಸಂದಿಗೆ ಹಳೇ ಬ್ರಷ್ ಹಾಕಿ ಉಜ್ಜಬೇಕು.

ಪ್ಯಾನಿಯರ್ ಸ್ಟೇ (ಪೆಟ್ಟಿಗೆ ಹೊರುವ ಕಂಬಿ) ಹಾಕಿಸಿದವರು ಇನ್ನೊಂದು ನೋಡಿ. ಎಷ್ಟೋ ಸ್ಟೇಗಳು ಸೈಲೆನ್ಸರ್ ಹ್ಯಾಂಗರಿನ ಬೋಲ್ಟನ್ನೇ ಹಂಚಿಕೊಳ್ಳುತ್ತವೆ. ಪೆಟ್ಟಿಗೆ ತುಂಬಿದಾಗ ಸ್ಟೇ ಬಾಗುತ್ತದೆ, ಬ್ರಾಕೆಟ್ಟನ್ನೂ ಜೊತೆಗೆ ಎಳೆಯುತ್ತದೆ. ಖಾಲಿ ಬೈಕಿನಲ್ಲಿ ಇದು ಕಾಣಿಸುವುದೇ ಇಲ್ಲ.

ಬಿರುಕು ಹಿಡಿಯುವುದು

ಲಕ್ಷಣಗಳು ಗೊತ್ತಿರುವವೇ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಸಂದಿ ಮುಚ್ಚಿಕೊಂಡು ಅದು ಕಡಿಮೆಯಾಗುವುದು. ಸಂಪಾಜೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸಿಡಿಯುವುದು. ಜಾಯಿಂಟಿನ ಬಳಿ ಕಪ್ಪು ಮಸಿ. ಬಿಎಸ್ 6 (ಈಗಿನ ಹೊಗೆ ನಿಯಮದ) ಬೈಕುಗಳಲ್ಲಿ ಆಕ್ಸಿಜನ್ ಸೆನ್ಸರಿಗೆ ಮುಂಚೆ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಪೆಟ್ರೋಲ್ ಕಡಿಮೆಯಾಗಿದೆ ಎಂದು ಸೆನ್ಸರ್ ತಪ್ಪು ಹೇಳುತ್ತದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಸುತ್ತದೆ, ಮೈಲೇಜ್ ಬೀಳುತ್ತದೆ. ಇಂಥ ಬೈಕಿಗೆ ಇಂಜೆಕ್ಟರ್ ಕ್ಲೀನ್ ಮಾಡಿಸಿ ದುಡ್ಡು ಕಳೆಯುವವರೇ ಹೆಚ್ಚು.

ಜಾಗ ಹಿಡಿಯಲು ಊದುಬತ್ತಿ ಸಾಕು. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆಯ ಮಡಿಕೆಯನ್ನು ಅರ್ಧ ಅಡ್ಡ ಹಿಡಿಯಲು ಒಬ್ಬರಿಗೆ ಹೇಳಿ. ಇನ್ನೊಬ್ಬರು ಊದುಬತ್ತಿಯನ್ನು ಪೈಪಿನುದ್ದಕ್ಕೆ ನಿಧಾನ ಸಾಗಿಸಬೇಕು. ಸೋರುವ ಕಡೆ ಹೊಗೆ ಅದುರುತ್ತದೆ. ಬಯಲಲ್ಲೇ ಮಾಡಿ, ಶೆಡ್ಡಿನೊಳಗೆ ಬೇಡ, ಪೆಟ್ರೋಲ್ ವಾಸನೆಯಿದ್ದರೆ ಮಾಡಲೇಬೇಡಿ.

ಬಿರುಕಿನ ತುದಿ ಎಲ್ಲಿ ಎಂಬುದು ಅದಕ್ಕಿಂತ ಮುಖ್ಯ. ಕಣ್ಣಿಗೆ ಕಾಣುವಲ್ಲಿ ಬಿರುಕು ಮುಗಿದಿರುವುದಿಲ್ಲ. ಪೈಪ್ ಬಿಚ್ಚಿ, ಮಸಿ ಉಜ್ಜಿ ತೆಗೆದು, ಹೊರಮೈಗೆ ಸೀಮೆಸುಣ್ಣದ ಪುಡಿ ತಿಕ್ಕಿ, ಒಳಗಿನಿಂದ ಬಟ್ಟೆಯಲ್ಲಿ ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡುತ್ತದೆ, ಮೊದಲು ಕಂಡಿದ್ದಕ್ಕಿಂತ ಉದ್ದವಾಗಿ. ಆ ಗೆರೆಯ ಎರಡೂ ತುದಿಯಿಂದ 2 ಮಿ.ಮೀ. ಆಚೆ ಸೆಂಟರ್ ಪಂಚ್‌ನಲ್ಲಿ ಗುರುತು ಹಾಕಿಡಿ. ಆಮೇಲೆ ಡೀಸೆಲ್ಲನ್ನು ಪೂರ್ತಿ ಒರೆಸಿ, ಅಸಿಟೋನ್ ಹಾಕಿ ತೊಳೆದು ಒಣಗಿಸಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಲೇಬಾರದು. ವೆಲ್ಡಿಂಗಿನ ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಪೇಸ್ಟು, ಟೇಪು

ಸೈಲೆನ್ಸರ್ ಪುಟ್ಟಿ ಮನೆ ಸೇರಿಸುತ್ತದೆ, ಅಷ್ಟೇ. ಹೆಚ್ಚಿನವು ಸೋಡಿಯಂ ಸಿಲಿಕೇಟ್ ಮೇಲೆ ನಿಂತವು. ಬಿಸಿಗೆ ಚೆನ್ನಾಗಿ ಬೇಯುವ ತನಕ ಅದು ನೀರಿನಲ್ಲಿ ಕರಗುತ್ತದೆ. ಜುಲೈ ತಿಂಗಳಲ್ಲಿ, ಬಟ್ಟೆಯೇ ವಾರಗಟ್ಟಲೆ ಒಣಗದ ಮಡಿಕೇರಿಯಲ್ಲಿ, ಹಚ್ಚಿದ ರಾತ್ರಿಯೇ ಪುಟ್ಟಿ ಜಾರಿ ಹೋಗುವುದು ಇದಕ್ಕೇ. ಹಚ್ಚಲೇಬೇಕೆಂದರೆ ತಗಡಿನ ತುಂಡು ಸುತ್ತಿ ಎರಡು ಕ್ಲ್ಯಾಂಪ್ ಬಿಗಿದು, ಅದರಡಿಯಲ್ಲಿ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಐಡ್ಲಿಂಗ್ ಓಡಿಸಿ, ಆರಿಸಿ, ಮತ್ತೆ ಓಡಿಸಿ ಗಟ್ಟಿಮಾಡಬೇಕು. ನೀರಿನ ಪೈಪಿಗೆ ಹಚ್ಚುವ ಎಪಾಕ್ಸಿ ಇಲ್ಲಿ ಸುಟ್ಟುಹೋಗುತ್ತದೆ. ಸಿಲಿಕೋನ್ ಗಮ್ ಆಕ್ಸಿಜನ್ ಸೆನ್ಸರನ್ನೇ ಕೆಡಿಸುತ್ತದೆ.

ಪೈಪಿಗೆ ಸುತ್ತುವ ಫೈಬರ್ ಟೇಪ್ ಕೊಡಗಿಗೆ ಬೇಡ. ನೀರು ಹೀರಿ ಹಿಡಿದಿಟ್ಟುಕೊಂಡು ಒಳಗಿಂದೊಳಗೆ ತುಕ್ಕು ಹಿಡಿಸುತ್ತದೆ, ಬಿರುಕನ್ನು ಮುಚ್ಚಿಯೂ ಇಡುತ್ತದೆ.

ವೆಲ್ಡಿಂಗ್: ಏನು ಕೇಳಬೇಕು, ಏನು ನೋಡಬೇಕು

ಸಾಮಾನ್ಯ ಆರ್ಕ್ ವೆಲ್ಡಿಂಗ್ ಗೇಟಿಗೆ, ಟ್ರೇಲರಿಗೆ ಸರಿ. 1.2 ಮಿ.ಮೀ. ಪೈಪಿಗೆ ರಾಡ್ ಇಟ್ಟರೆ ತೂತಾಗುತ್ತದೆ, ತೂತು ಮುಚ್ಚಲು ಮೇಲೆ ಮೇಲೆ ಲೋಹ ಸುರಿಯುತ್ತಾರೆ, ಆ ಗಡ್ಡೆಯ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಆರ್ಗಾನ್ ಬೇಕು. ಹೋಂಸ್ಟೇಗಳಿಗೆ ಸ್ಟೇನ್‌ಲೆಸ್ ರೇಲಿಂಗ್ ಮಾಡುವವರ ಬಳಿ ಈ ಯಂತ್ರ ಇರುತ್ತದೆ, ತೆಳು ಪೈಪಿನಲ್ಲಿ ಕೈಯೂ ಪಳಗಿರುತ್ತದೆ. ಕುಶಾಲನಗರದ ಕಡೆ ಮೊದಲು ವಿಚಾರಿಸಿ, ಇಲ್ಲವಾದರೆ ಮೈಸೂರಿಗೆ ಪೈಪ್ ಮಾತ್ರ ಕಳಿಸಿ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ಕೆಲಸದ ನಡುವೆ ಬೈಕಿನ ಪೈಪಿಗೆ ಯಾರೂ ಗಮನ ಕೊಡಲಾರರು. ಆ ದಿನಗಳಲ್ಲಿ ಅವಸರ ಮಾಡಿಸಿದ ವೆಲ್ಡಿಂಗ್ ಉಳಿಯುವುದಿಲ್ಲ.

ಹೋಗುವ ಮುಂಚೆ ಪೈಪಿಗೆ ಅಯಸ್ಕಾಂತ ಇಟ್ಟು ನೋಡಿ. ಹಿಡಿಯದಿದ್ದರೆ 304 ಜಾತಿಯದು, ವೆಲ್ಡಿಂಗಿನಲ್ಲಿ ಕರಗಿಸಿ ತುಂಬಲು 308ಎಲ್ ಫಿಲ್ಲರ್ ತಂತಿ ಸಾಕು. ಗಟ್ಟಿಯಾಗಿ ಹಿಡಿದರೆ 409 ದರ್ಜೆಯ ಸ್ಟೇನ್‌ಲೆಸ್ ಅಥವಾ ಮಾಮೂಲಿ ಕಬ್ಬಿಣ. ಆಗ 309ಎಲ್ ಹಾಕಿಸಿ. ಸ್ಟೇನ್‌ಲೆಸ್ಸನ್ನು ಕಬ್ಬಿಣಕ್ಕೆ ಕೂಡಿಸುವಾಗಲೂ ಅದೇ. ಹೆಸರಿನ ಕೊನೆಯ ‘ಎಲ್’ ಎಂದರೆ ಇಂಗಾಲ ಕಡಿಮೆ. 450ರಿಂದ 850 ಡಿಗ್ರಿ ನಡುವೆ ಇಂಗಾಲ ಕ್ರೋಮಿಯಮ್ಮನ್ನು ಕಿತ್ತುಕೊಳ್ಳುತ್ತದೆ, ಲೋಹ ತುಕ್ಕಿಗೆ ಸಿಕ್ಕುತ್ತದೆ. ಹೆಡ್ಡಿನ ಹತ್ತಿರ ಬೆಂಡ್ ಪೈಪ್ ಆ ಮಟ್ಟದವರೆಗೂ ಕಾಯಬಹುದು. ಕ್ರೋಮ್ ಲೇಪನವಿದ್ದರೆ ಬಿರುಕಿನ ಎರಡೂ ಪಕ್ಕ 15 ಮಿ.ಮೀ. ಉಜ್ಜಿ ತೆಗೆಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು.

ಗುರುತು ಹಾಕಿದ ತುದಿಗಳಲ್ಲಿ 2.5 ಮಿ.ಮೀ. ಡ್ರಿಲ್ ಹೊಡೆಸಿ. ಚೂಪು ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ತೂತನ್ನೂ ವೆಲ್ಡಿಂಗಿನಲ್ಲಿ ತುಂಬಿಸಬೇಕು. ಕರೆಂಟ್ 40ರಿಂದ 60 ಆಂಪಿಯರ್, ಟಾರ್ಚಿನ ಗ್ಯಾಸ್ ನಿಮಿಷಕ್ಕೆ 8ರಿಂದ 10 ಲೀಟರ್. 15–20 ಮಿ.ಮೀ.ನಷ್ಟು ಎಳೆದು, ನಿಲ್ಲಿಸಿ, ಎದುರು ಬದಿಗೆ ಹೋಗಬೇಕು. ಒಂದೇ ಸಮನೆ ಎಳೆದರೆ ಪೈಪ್ ಬಾಗುತ್ತದೆ. ಶೆಡ್ಡಿಗೆ ಮಳೆಗಾಳಿ ನುಗ್ಗುತ್ತಿದ್ದರೆ ಆರ್ಗಾನ್ ಹೊದಿಕೆ ಹಾರಿಹೋಗಿ ವೆಲ್ಡಿಂಗ್ ತುಂಬ ಸೂಜಿ ತೂತು. ಗೋಡೆಯ ಮರೆ ಬೇಕು.

ರೇಲಿಂಗ್ ಮಾಡುವವರು ಬಿಟ್ಟುಬಿಡುವ ಒಂದು ಹಂತವಿದೆ, ಅದನ್ನು ಕೇಳಿ ಮಾಡಿಸಬೇಕು: ಪೈಪಿನ ಒಳಗೂ ಆರ್ಗಾನ್ ತುಂಬುವುದು. ರೇಲಿಂಗಿನ ಒಳಮೈ ಯಾರಿಗೂ ಬೇಕಿಲ್ಲ. ಬೆಂಡ್ ಪೈಪಿನ ಒಳಗೆ ಗಾಳಿ ಇದ್ದರೆ ವೆಲ್ಡಿಂಗಿನ ಹಿಂಬದಿ ಸುಟ್ಟು ಕಪ್ಪು ಹರಳು ಹರಳಾಗಿ ನಿಲ್ಲುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಎರಡೂ ಬಾಯಿಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿ, ಒಂದು ಕಡೆ ಗ್ಯಾಸ್ ಟ್ಯೂಬ್, ಇನ್ನೊಂದು ಕಡೆ ಸಣ್ಣ ತೂತು. 38 ಮಿ.ಮೀ. ವ್ಯಾಸದ 60 ಸೆಂ.ಮೀ. ಪೈಪಿನಲ್ಲಿ ಹಿಡಿಯುವುದು ಮುಕ್ಕಾಲು ಲೀಟರಿಗಿಂತ ಕಡಿಮೆ. ನಿಮಿಷಕ್ಕೆ 5 ಲೀಟರಿನಂತೆ ಒಂದೂವರೆ ನಿಮಿಷ ಬಿಟ್ಟರೆ ಹತ್ತು ಸಲ ತುಂಬಿದಷ್ಟಾಯಿತು. ಗ್ಯಾಸಿನ ಖರ್ಚು ಎಂದು ಗೊಣಗಿದರೆ ಅದರ ದುಡ್ಡು ಬೇರೆ ಕೊಟ್ಟುಬಿಡಿ. ಮುಗಿದ ವೆಲ್ಡಿಂಗ್ ಹುಲ್ಲಿನ ಹಳದಿ ಅಥವಾ ತಿಳಿ ನೀಲಿ ಇದ್ದರೆ ಒಳ್ಳೆಯದು, ಬೂದು ಕಪ್ಪಾಗಿದ್ದರೆ ಅತಿಯಾಗಿ ಕಾದಿದೆ.

ಬ್ರಾಕೆಟ್ ಕಿತ್ತಿದ್ದರೆ ಅದೇ ಜಾಗಕ್ಕೆ ಅಂಟಿಸಿಕೊಂಡು ಬರಬೇಡಿ. ಪೈಪಿನ ಬಾಗಿಗೆ ಹೊಂದುವ 1.5 ಮಿ.ಮೀ. ದಪ್ಪದ, ಮೊಟ್ಟೆಯಾಕಾರದ ತಗಡನ್ನು ಮೊದಲು ಕೂರಿಸಿ ಅದರ ಮೇಲೆ ಬ್ರಾಕೆಟ್ ಹಾಕಿಸಿ. ಚೌಕ ಮೂಲೆ ಬಿಟ್ಟರೆ ಆ ಮೂಲೆಯೇ ಮುಂದೆ ಸೀಳುತ್ತದೆ.

ಬೈಕಿನ ಮೇಲೆಯೇ ಎರಡು ಚುಕ್ಕೆ ಟ್ಯಾಕ್ ಹಾಕಿಸಿ ಅಳತೆ ಹಿಡಿಸುವುದು ಒಳ್ಳೆಯ ಕ್ರಮ. ಆಗ ಬ್ಯಾಟರಿಯ ಮೈನಸ್ ಬಿಚ್ಚಿ, ಇಸಿಯು ಸಾಕೆಟ್ ಕಳಚಿ, ಆಕ್ಸಿಜನ್ ಸೆನ್ಸರ್ ತೆಗೆದಿಟ್ಟು, ಅರ್ತ್ ಕ್ಲ್ಯಾಂಪನ್ನು ಆ ಪೈಪಿಗೇ ಹಾಕಬೇಕು. ಪೂರ್ತಿ ವೆಲ್ಡಿಂಗ್ ಪೈಪ್ ಬಿಚ್ಚಿದ ಮೇಲೆಯೇ.

ಬಿಚ್ಚುವುದು, ಕೂರಿಸುವುದು

ಫ್ಲೇಂಜನ್ನು ಹೆಡ್ಡಿಗೆ ಹಿಡಿಯುವ ಸ್ಟಡ್ಡಿನ ತುಕ್ಕು ಹಿಡಿದ ನಟ್ಟಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಆರು ಮೂಲೆಯ ಸಾಕೆಟ್ ಹಾಕಿ ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಿ. ಒಂದೇ ಎಳೆತಕ್ಕೆ ಬಿಡಿಸಲು ಹೋದರೆ ಸ್ಟಡ್ ಮುರಿದು ಅಲ್ಯೂಮಿನಿಯಂ ಹೆಡ್ಡಿನೊಳಗೆ ಉಳಿಯುತ್ತದೆ. ಆಮೇಲಿನ ಖರ್ಚು ವೆಲ್ಡಿಂಗಿಗಿಂತ ಬಹಳ ಹೆಚ್ಚು.

ವಾಪಸ್ ಹಾಕುವಾಗ ಸೈಲೆನ್ಸರ್ ಪ್ಯಾಕಿಂಗ್ ಹೊಸತೇ ಬೇಕು, ಒಮ್ಮೆ ಒತ್ತಿದ ಪ್ಯಾಕಿಂಗ್ ಮತ್ತೆ ಹಿಡಿಯುವುದಿಲ್ಲ. ಫ್ಲೇಂಜನ್ನು ಗಾಜಿನ ಮೇಲಿಟ್ಟು ನೋಡಿ: 0.2 ಮಿ.ಮೀ. ಫೀಲರ್ ಎಲೆ (ಸಂದಿ ಅಳೆಯುವ ತೆಳು ತಗಡು) ಅಡಿಯಲ್ಲಿ ನುಸುಳಿದರೆ ಅರ ಹಾಕಿ ಸಮ ಮಾಡಿಸಿ. ಪೈಪ್ ಕೈಯಲ್ಲೇ ಹಿಡಿದು ಸ್ಟಡ್ಡಿಗೆ ಜಾರಬೇಕು. ಸನ್ನೆ ಹಾಕಿ ಎಳೆದು ಬೋಲ್ಟ್ ಕೂರಿಸಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಅಳತೆ ತಪ್ಪಿದೆ. ಹೆಚ್ಚಿನ ವೆಲ್ಡಿಂಗ್ ಮತ್ತೆ ಸೀಳುವುದು ಈ ಒಂದು ಒತ್ತಾಯದಿಂದ. ಎಲ್ಲ ನಟ್ಟು ಸಡಿಲವಾಗಿ ಹಾಕಿ, ಮೊದಲು ಹೆಡ್ಡಿನ ಎರಡು ನಟ್ಟನ್ನು ಸರದಿ ಮೇಲೆ, ನಂತರ ನಡುವಿನ ಕ್ಲ್ಯಾಂಪ್, ಕೊನೆಗೆ ಹೊಸ ರಬ್ಬರ್ ಬುಷ್ ಸಮೇತ ಹ್ಯಾಂಗರ್. ಬಿಗಿತ ನಿಮ್ಮ ಬೈಕಿನ ಸರ್ವಿಸ್ ಪುಸ್ತಕದಲ್ಲಿ ಇದ್ದಷ್ಟೇ. ನೂರಿನ್ನೂರು ಕಿ.ಮೀ. ಓಡಿದ ಮೇಲೆ, ತಣ್ಣಗಿರುವಾಗ, ಹೆಡ್ಡಿನ ನಟ್ಟನ್ನು ಇನ್ನೊಮ್ಮೆ ನೋಡಿ. ಪ್ಯಾಕಿಂಗ್ ಕೂತು ಅವು ಸಡಿಲವಾಗಿರುತ್ತವೆ.

ವೆಲ್ಡಿಂಗ್ ಬೇಡವಾದ ಸಂದರ್ಭ

ಒಮ್ಮೆ ವೆಲ್ಡ್ ಆದ ಜಾಗದ ಪಕ್ಕ ಮತ್ತೆ ಸೀಳಿದ್ದು, ಪೈಪ್ ಒತ್ತಿದರೆ ಒಳಗೆ ಹೋಗುವಷ್ಟು ತೆಳುವಾಗಿದ್ದರೆ ಹೊಸ ಬೆಂಡ್ ಪೈಪ್ ತನ್ನಿ. ತಟ್ಟಿದಾಗ ಒಳಗೆ ಗಲಗಲ ಸದ್ದು ಬಂದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಇಟ್ಟಿಗೆಯೋ ಸೈಲೆನ್ಸರಿನೊಳಗಿನ ತಡೆಗೋಡೆಯೋ ಮುರಿದಿದೆ, ಹೊರಗಿನ ವೆಲ್ಡಿಂಗಿನಿಂದ ಪ್ರಯೋಜನವಿಲ್ಲ. ಕನ್ವರ್ಟರ್ ಕಿತ್ತು ಖಾಲಿ ಪೈಪ್ ಹಾಕಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು, ಸದ್ದಿಗೆ ಪೊಲೀಸ್ ದಂಡವೂ ಬೀಳಬಹುದು, ತೋಟದ ನಡುವಿನ ಊರುಗಳಲ್ಲಿ ಆ ಸದ್ದು ಯಾರಿಗೂ ಬೇಕಾಗಿಲ್ಲ.

ಭಾಗಮಂಡಲದಿಂದ ತಲಕಾವೇರಿ ಕಡೆಗೋ, ಮಾಕುಟ್ಟ ಇಳಿದು ಕೇರಳಕ್ಕೋ ಹೋಗುವವರು ಟೂಲ್ ಪೌಚಿನಲ್ಲಿ ಒಂದು ಪ್ಯಾಕಿಂಗ್, ಎರಡು ಸ್ಟಡ್ ನಟ್ಟು, ಒಂದು ರಬ್ಬರ್ ಬುಷ್, ಪೈಪಿನ ಅಳತೆಯ ಎರಡು ಸ್ಟೇನ್‌ಲೆಸ್ ಕ್ಲ್ಯಾಂಪ್, ಅಂಗೈಯಗಲದ ತಗಡು ಇಟ್ಟುಕೊಳ್ಳಿ. ಬ್ರಾಕೆಟ್ ದಾರಿಯಲ್ಲಿ ಕಿತ್ತರೆ ಸೈಲೆನ್ಸರನ್ನು ಕಬ್ಬಿಣದ ತಂತಿಯಿಂದ ಫುಟ್‌ರೆಸ್ಟಿಗೆ ಕಟ್ಟಿ, ಪೆಟ್ಟಿಗೆಯ ಭಾರ ಇನ್ನೊಂದು ಬದಿಗೆ ಸರಿಸಿ ನಿಧಾನ ಬನ್ನಿ. ಪ್ಲಾಸ್ಟಿಕ್ ಟೈ ಅಲ್ಲಿ ಒಂದು ಕಿ.ಮೀ. ಕೂಡ ನಿಲ್ಲುವುದಿಲ್ಲ.